ಹೊಳೆದಂಡೆಯ ಗುಡಿಯ ಸುಣ್ಣದವ್ವ

ಸುಣ್ಣ ಬಳಿದ ಗೋಡೆ ಕಂಡರೆ ನನ್ನ ಉಗುರು ಸುಮ್ಮನಿರುವುದಿಲ್ಲ. ಇದು ನೌಕರಿಯಿಂದ ಅಂಟಿದ ಚಾಳಿ. ಮೂವತ್ತು ವರ್ಷ ಹಳೆಯ ಗುಡಿಗಳ ಮೇಲಿನ ಸುಣ್ಣ ತೆಗೆಯುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೂ ನೆಂಟರ ಮನೆಗೆ ಹೋದಾಗ ಮಾತಾಡುತ್ತಾ ಕೂತಲ್ಲೇ ಗೋಡೆಯ ಒಂದು ಹಕ್ಕಳೆ ಎಬ್ಬಿಸಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಈ ವಿದ್ಯೆಯನ್ನು ನಾನು ತರಬೇತಿಯಲ್ಲಿ ಕಲಿತೆ ಎಂದು ಪುರಾತತ್ವ ಇಲಾಖೆಯ ಕಾಗದಪತ್ರಗಳಲ್ಲಿದೆ. ಅದು ಅಷ್ಟು ನಿಜವಲ್ಲ. ನನಗೆ ಕಲಿಸಿದವಳು ಹಡಗಲಿ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಅರ್ಧ ಆಯುಷ್ಯ ಗುಡಿಗೆ ಸುಣ್ಣ ಹಚ್ಚಿದ ಹೆಂಗಸು.

ಹೋದ ತಿಂಗಳು ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಆ ಊರಿನ ಮೇಷ್ಟ್ರೊಬ್ಬರು ಸಿಕ್ಕರು. ಕುಶಲ ಕೇಳುವ ಮೊದಲೇ, “ಸುಣ್ಣದವ್ವ ಹೋದಳ್ರಿ. ಮುಂಜಾನಿ ಎಲಿ ಅಡಿಕಿ ಹಾಕ್ಕೊಂಡು ಕಟ್ಟಿ ಮ್ಯಾಲೆ ಕುಂತಾಕಿ, ಕುಂತಂಗ ಹೋದಳು” ಎಂದರು. ತೊಂಬತ್ತರ ಹತ್ತಿರ ಬಂದಿದ್ದಳಂತೆ. ನನಗೆ ದುಃಖವಾಯಿತು ಎನ್ನುವುದಕ್ಕಿಂತ, ಅವಳ ವಿಷಯ ಯಾರಿಗಾದರೂ ಹೇಳಬೇಕು ಎನಿಸಿತು. ಬಸ್ಸು ಬರುವತನಕ ಮೇಷ್ಟ್ರಿಗೇ ಹೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು, ಆದರೂ ಕೇಳಿದರು.

ಅವಳ ಹೆಸರು ಇಲ್ಲಿ ಹಾಕುವುದಿಲ್ಲ. ಊರಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸುಣ್ಣದವ್ವ ಎಂದರೆ ಸಾಕು. ಗಿಡ್ಡ ಆಳು, ಅಗಲ ಹಣೆ, ಮಾತಾಡುವಾಗ ಎದುರಿನವರ ಮುಖ ನೋಡದೆ ಅವರ ಕೈ ನೋಡುವ ಅಭ್ಯಾಸ. ಅವಳದೇ ಕೈ ಮಾತ್ರ ನೋಡುವ ಹಾಗಿರಲಿಲ್ಲ. ಸುಣ್ಣ ಕಚ್ಚಿ ಕಚ್ಚಿ ಬೆರಳ ಸಂದುಗಳೆಲ್ಲ ಬಿರಿದಿದ್ದವು. ರಾತ್ರಿ ಎಣ್ಣೆ ಹಚ್ಚಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದ್ದೆ. “ಎಣ್ಣಿ ಹಚ್ಚಿದ್ರ ಮುಂಜಾನಿ ಸುಣ್ಣ ಹಿಡಿಯಂಗಿಲ್ರಿ” ಎಂದಿದ್ದಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹರಪನಹಳ್ಳಿಯ ಅಂಗಡಿಕಾರರ ಮನೆಯ ಹುಡುಗ, ರಸಾಯನಶಾಸ್ತ್ರ ಓದಿ ಇಲಾಖೆಗೆ ಹೊಸದಾಗಿ ಸೇರಿದ್ದೆ. ಆ ಊರಿನ ಈಶ್ವರ ಗುಡಿ ಹೊಳೆಯ ಎತ್ತರದ ದಂಡೆಯ ಮೇಲಿದೆ. ಬಾಗಿಲಲ್ಲಿ ನಿಂತರೆ ಕೆಳಗೆ ತುಂಗಭದ್ರೆ, ಆಚೆ ದಂಡೆಯ ಜೋಳದ ಹೊಲ, ಎಲ್ಲ ಕಾಣುತ್ತದೆ. ಸುಮಾರು ಒಂಬೈನೂರು ವರ್ಷದ ಹಿಂದಿನ ಗುಡಿ, ಮೆತ್ತನೆಯ ಬಳಪದ ಕಲ್ಲಿನದು. ನಾನು ಹೋದಾಗ ಅದು ಬಳಪದ ಕಲ್ಲಿನ ಗುಡಿ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಶಿವರಾತ್ರಿ ಬಂತೆಂದರೆ ಗುಡಿಗೆಲ್ಲ ಸುಣ್ಣ ಹಚ್ಚುವುದು ಅಲ್ಲಿಯ ಪದ್ಧತಿ. ದೇವರಿಗೆ ಹಬ್ಬಕ್ಕೆ ಹೊಸ ಬಟ್ಟೆ ಇರಬೇಡವೇ ಎಂಬುದು ಊರವರ ನ್ಯಾಯ. ತಲೆಮಾರುಗಳ ಭಕ್ತಿಯಿಂದ ಗೋಡೆಯ ಮೇಲಿನ ಶಿಲ್ಪಗಳೆಲ್ಲ ಬೆಲ್ಲದ ಅಚ್ಚಿನಷ್ಟು ದುಂಡಗಾಗಿದ್ದವು. ಯಾವುದು ಕೈ, ಯಾವುದು ಕಾಲು ತಿಳಿಯುತ್ತಿರಲಿಲ್ಲ.

ಹೊರಗೋಡೆಗೆ ಸುಣ್ಣ ಹಚ್ಚುವುದು ಸುಣ್ಣದವ್ವನ ಮನೆತನದ ಸೇವೆ. ಅವಳ ಕೇರಿ ಊರ ಹೊರಗಿತ್ತು. ಆ ಕೇರಿಯವರು ಗುಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಒಳಗೆ ಹಚ್ಚುವವರು ಊರೊಳಗಿನ ಬೇರೆ ಮಂದಿ. ಕಾನೂನು ಏನು ಹೇಳುತ್ತದೆ ಎಂಬುದು ನನಗೂ ಗೊತ್ತಿತ್ತು, ಊರ ಗೌಡರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಎದೆ ನನಗಿರಲಿಲ್ಲ. ನಾನು ಆಗ ಗೌಡರ ಮನೆಯಲ್ಲೇ ಊಟ ಮಾಡುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಕೆಲಸ ಶುರುವಾಯಿತು. ಮೊದಲ ದಿನವೇ ಅವಳು ಬಂದು ಸ್ವಲ್ಪ ದೂರ ನಿಂತಳು.

“ಸಾಹೇಬ್ರ, ಇನ್ನ ಮ್ಯಾಲೆ ಸುಣ್ಣ ಹಚ್ಚಂಗಿಲ್ಲೇನ್ರಿ?”

“ಇಲ್ಲವ್ವ. ಇರೋದನ್ನೆಲ್ಲ ತೆಗಿಬೇಕು ಅಂತ ಆರ್ಡರ್ ಆಗೈತಿ.”

“ಹಂಗಾರ ನಾ ಏನ್ ಮಾಡ್ಲಿ?”

ನಾನು ಆದೇಶದ ಪ್ರತಿ ಮಡಚಿ ಕಿಸೆಗೆ ಹಾಕಿ ಬಾಟಲಿಗಳನ್ನು ಇಳಿಸತೊಡಗಿದೆ. ಅವಳು ಹೊರಡಲಿಲ್ಲ. ಗುಡಿಯೆದುರಿನ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನ ಕೆಲಸ ನೋಡತೊಡಗಿದಳು. ನಾನು ಬಾಟಲಿಯಿಂದ ತಿಳಿ ಆಮ್ಲ ತೆಗೆದು ಕುಂಚದಲ್ಲಿ ಹಚ್ಚಿದೆ. ಸುಣ್ಣ ನೊರೆಯೆದ್ದು, ಬಿಳಿ ನೀರು ಗೋಡೆಯುದ್ದಕ್ಕೂ ಇಳಿದು, ಕೆಳಗಿನ ಶಿಲ್ಪಗಳ ಸಾಲನ್ನೂ ಕೆಡಿಸಿತು. ಇನ್ನಷ್ಟು ಹಚ್ಚಿದೆ, ಇನ್ನಷ್ಟು ಇಳಿಯಿತು. ಮರದ ಕೆಳಗಿನಿಂದ ನಗು ಕೇಳಿಸಿತು. ಸಿಟ್ಟು ಬಂತು ನನಗೆ. ಓದಿದವನು ನಾನು, ನಗುವವಳು ಅವಳು.

“ಹುಳಿ ಹಾಕಿ ತಿಕ್ಕಾಕ ಅದೇನ್ ಹಿತ್ತಾಳಿ ಕೊಡ ಏನ್ರಿ? ಮೊದ್ಲು ನೆನಿಬೇಕು ಅದು” ಎಂದಳು.

ಮಾರನೆಯ ಬೆಳಿಗ್ಗೆ ಗೋಣಿ ತಟ್ಟುಗಳನ್ನು ಹೊಳೆಯಲ್ಲಿ ಅದ್ದಿ ತಂದು ಗೋಡೆಗೆ ಅಂಟಿಸಿದಳು. ದಿನವಿಡೀ ಅವುಗಳಿಗೆ ನೀರು ಚಿಮುಕಿಸುತ್ತಾ ಕೂತಳು. ಅದರ ಮಾರನೆಯ ದಿನ ತಟ್ಟು ತೆಗೆದು, ಬಿದಿರಿನ ಸೀಳನ್ನು ಮೊನೆ ಮಾಡಿ, ಸುಣ್ಣದ ಅಂಚಿಗೆ ಅಡ್ಡ ಹಿಡಿದು ಒತ್ತಿದಳು. ಅಂಗೈಯಗಲದ ಹಕ್ಕಳೆ ಸಲೀಸಾಗಿ ಎದ್ದು ಬಂತು. ಹೊಸ ಸುಣ್ಣ ಹಚ್ಚುವ ಮೊದಲು ಸಡಿಲವಾದ ಹಳೆಯದನ್ನು ತೆಗೆಯುವುದು ಇದೇ ರೀತಿಯಂತೆ. ಆ ಹಕ್ಕಳೆಯ ಹಿಂದೆ ಒಬ್ಬ ಹೆಂಗಸಿನ ಮೊಗ ಇತ್ತು. ಕಣ್ಣು, ಮೂಗು, ಮೂಗಿನ ಕೆಳಗೆ ಸಣ್ಣ ಸಿಡುಕು. ಸುಣ್ಣದವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

“ನಮ್ಮ ನಾದಿನಿ ಇದ್ದಂಗ ಅದಾಳ” ಎಂದಳು. “ಇಷ್ಟು ವರ್ಷ ಇಕಿ ಮುಖಕ್ಕ ಬಳದೀನಿ ನೋಡ್ರಿ. ಸಿಟ್ಟು ಬರದ ಏನ್ ಮಾಡ್ತೈತಿ?”

ಅಂದಿನಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬಂತು. ಹೆಸರಿನ ಮುಂದೆ ‘ಸಹಾಯಕಿ’ ಎಂದು ಬರೆದಿದ್ದೆ. ಯಾರು ಯಾರಿಗೆ ಸಹಾಯಕರಾಗಿದ್ದರು ಎಂಬುದು ಹೊಳೆಯಲ್ಲಿ ಬಟ್ಟೆ ಒಗೆಯಲು ಬರುವ ಹೆಂಗಸರಿಗೂ ಗೊತ್ತಿತ್ತು.

ಅವಳು ಸುಣ್ಣವನ್ನು ಓದುತ್ತಿದ್ದಳು. ನಾನು ಭೂತಗನ್ನಡಿಯಲ್ಲಿ ನೋಡಿ ಪದರ ಎಣಿಸುತ್ತಿದ್ದರೆ, ಅವಳು ಹಕ್ಕಳೆಯ ಅಂಚನ್ನು ಬಿಸಿಲಿಗೆ ಹಿಡಿದು ಮನೆತನದ ಚರಿತ್ರೆ ಹೇಳುತ್ತಿದ್ದಳು. ಈ ನೀಲಿ ಗೆರೆ ಅವಳು ಮದುವೆಯಾಗಿ ಬಂದ ವರ್ಷದ್ದು. ಹೊಸ ಸೊಸೆ, ಸುಣ್ಣಕ್ಕೆ ನೀಲಿ ಹೆಚ್ಚು ಹಾಕಿ ಗುಡಿಯನ್ನು ಆಕಾಶದ ಬಣ್ಣ ಮಾಡಿಬಿಟ್ಟಿದ್ದಳು. ಅತ್ತೆ ಶಿವರಾತ್ರಿ ಮುಗಿಯುವತನಕ ಮಾತು ಬಿಟ್ಟಿದ್ದಳು. ಅದರ ಕೆಳಗಿನ ದಪ್ಪ ಪದರ ಆ ಅತ್ತೆಯದು. ಅತ್ತೆಯದು ಎಡಗೈ, ಆದ್ದರಿಂದ ಕುಂಚದ ಗೆರೆ ಉಳಿದವರದಕ್ಕೆ ಎದುರು ದಿಕ್ಕಿಗೆ ಓಡಿದೆ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಓಡಿತ್ತು.

“ಅತ್ತಿ ಕೆಲಸ ಕಿತ್ತು ಹಾಕಾಕತ್ತೀಯಲ್ಲವ್ವ, ಬ್ಯಾಸರ ಇಲ್ಲೇನು?” ಎಂದು ಕೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. “ಆಕಿಗೂ ಗೊತ್ತಿರಲಿಲ್ಲಪ, ಒಳಗ ಇವರೆಲ್ಲ ಅದಾರ ಅಂತ. ಗೊತ್ತಿದ್ರ ಆಕಿಯಽ ಕೀಳ್ತಿದ್ಲು.”

ಸಾಹೇಬ್ರ ಎಂಬುದು ಯಾವಾಗ ‘ಅಪ್ಪ’ ಆಯಿತೋ ತಿಳಿಯದು. ಸಂಕ್ರಾಂತಿಯ ಹೊತ್ತಿಗಿರಬೇಕು. ಅದೇ ದಿನಗಳಲ್ಲಿ ಒಮ್ಮೆ ಮಧ್ಯಾಹ್ನ ಊಟವಾದ ಮೇಲೆ ಅವಳು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ನನ್ನ ಕಡೆ ಹಿಡಿದಳು. ನನ್ನ ಕೈ ಒಂದು ಗಳಿಗೆ ತಡೆಯಿತು. ನಾನು ಯಾವ ಮನೆಯವನೋ ಆ ಮನೆಯ ಕೈ ತಡೆಯಿತು ಎಂದರೂ ಸರಿಯೇ. ಅವಳು ಕೈಗಳನ್ನೇ ನೋಡುವವಳು, ಅವಳಿಗೆ ಕಾಣದೆ ಇರುತ್ತದೆಯೇ? “ಸುಣ್ಣ ಖಾರ ಐತಿ, ಒಗ್ಗದಿದ್ರ ಬ್ಯಾಡ ಬಿಡು” ಎಂದು ಅವಳೇ ನನಗೆ ದಾರಿ ಮಾಡಿಕೊಟ್ಟಳು. ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ನಿಜವಾಗಿಯೂ ಖಾರವಿತ್ತು, ನಾಲಗೆ ಎರಡು ದಿನ ಉರಿಯಿತು. ಆದರೆ ಆ ಒಂದು ಗಳಿಗೆ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳ ದೊಡ್ಡ ವಿದ್ಯೆ ಕಿವಿಯದು. ಬಿದಿರು ಸುಣ್ಣವನ್ನು ಕೆರೆಯುವಾಗ ಒಂದು ಸದ್ದು, ಕಲ್ಲು ಮುಟ್ಟಿದಾಗ ಇನ್ನೊಂದು ಸದ್ದು. “ಸುಣ್ಣ ಕರ್ ಅಂತೈತಿ, ಕಲ್ಲು ಕಿರ್ ಅಂತೈತಿ. ಕಿರ್ ಅಂದ್ಕೂಡ್ಲೆ ಕೈ ಎತ್ತಬೇಕು” ಎಂದು ನನಗೆ ಹೇಳಿಕೊಟ್ಟಿದ್ದಳು. ನಾನು ಒಂದು ತಿಂಗಳು ಕೇಳಿದರೂ ಎರಡೂ ಕರ್ ಎಂದೇ ಕೇಳಿಸುತ್ತಿತ್ತು. ಅವಳಾದರೆ ಗೋಡೆಯ ಆ ಮಗ್ಗುಲಲ್ಲಿ ಬೆನ್ನು ತಿರುಗಿಸಿ ಕೂತು, “ಅಪ್ಪಾ, ಕಲ್ಲಿಗೆ ಬಂದಿ ನೋಡು” ಎಂದು ಎಚ್ಚರಿಸುತ್ತಿದ್ದಳು. ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆದು. ಹೊರಗೋಡೆಯ ಸುಣ್ಣ ಇಡಿಯಾಗಿ ತೆಗೆದರೂ ಒಂದು ಗೀರು ಬೀಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಹೊರಗಿನದೆಲ್ಲ ಆಯಿತು. ಇನ್ನು ಒಳಗಿನ ಕಂಬಗಳು, ಕೊನೆಗೆ ಗರ್ಭಗುಡಿಯ ಬಾಗಿಲ ಚೌಕಟ್ಟು. ಚೌಕಟ್ಟಿನಲ್ಲಿ ಬಳ್ಳಿಗಳು, ಬಳ್ಳಿಯ ಸುರುಳಿ ಸುರುಳಿಯಲ್ಲೂ ಹೆಬ್ಬೆರಳಿನಷ್ಟು ಗೊಂಬೆಗಳು ಇರಬೇಕೆಂದು ನಮ್ಮ ಮೇಲಧಿಕಾರಿಗಳ ಅಂದಾಜು. ಗೌಡರು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು.

“ಒಳಗಿನ ಕೆಲಸಕ್ಕ ನಮ್ಮ ಓಣಿ ಹುಡುಗ್ರು ಇಬ್ರನ್ನ ಕಳಸ್ತೀನಿ. ಆಕಿ ಹೊರಗಽ ಇರ್ಲಿ. ಏನಂತೀರಿ?”

ತಟ್ಟೆಯಲ್ಲಿ ಅವರ ಮನೆಯ ರೊಟ್ಟಿ ಇತ್ತು. “ಆತು ಬಿಡ್ರಿ” ಎಂದೆ. ನನ್ನ ಬಾಯಿಂದ ಬಂದ ಅತ್ಯಂತ ಸಣ್ಣ ಮಾತು ಅದು.

ಆ ಇಬ್ಬರು ಮೊದಲ ದಿನವೇ ಕಂಬದ ಬುಡದಲ್ಲಿ ಕೆತ್ತಿದ್ದ ಕುಳ್ಳ ಶಿವಗಣನ ಮೂಗು ಹಾರಿಸಿದರು. ವರದಿಯಲ್ಲಿ ‘ಮೊದಲೇ ಭಿನ್ನವಾಗಿತ್ತು’ ಎಂದು ಬರೆದೆ. ಹೊರಗೆ ಬಂದಾಗ ಸುಣ್ಣದವ್ವ ನನ್ನ ಮುಷ್ಟಿ ನೋಡಿದಳು. ತೆರೆದು ತೋರಿಸಿದೆ. ಕಡಲೆಯಷ್ಟು ಕಲ್ಲಿನ ಚೂರು.

“ಅಯ್ಯ, ಕೂಸಿನ ಮೂಗು” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಅವಳೇ ಉಪಾಯ ತೆಗೆದಳು. ಗುಡಿಯ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ, ಒಳಗೆ ಬೆನ್ನು ಮಾಡಿ ಕೂತಳು. ಹುಡುಗರು ಒಳಗೆ ಕೆರೆಯುತ್ತಿದ್ದರೆ ಇವಳು ಹೊರಗಿನಿಂದ ಹೇಳುತ್ತಿದ್ದಳು. “ಎಡಗಡಿ ಕಂಬದಾಂವ, ಕೈ ಎತ್ತು. ಬಲಗಡಿಯಾಂವ, ಇನ್ನೂ ಎರಡ ಪದರ ಐತಿ, ಹೆದರಬ್ಯಾಡ.” ಒಳಗೆ ಇಬ್ಬರು ಗಂಡಸರು, ಹೊರಗೆ ಒಂದು ಕಿವಿ. ಗೌಡರು ಬಂದು ಅರ್ಧ ತಾಸು ನಿಂತು ನೋಡಿ ಬಹಳ ಸಂತೋಷಪಟ್ಟರು.

“ಇದು ಚಲೋ ಆತು ನೋಡ್ರಿ. ಕಿವಿಗೇನ್ ಮೈಲಿಗಿ ಐತಿ?” ಎಂದರು.

ಕಂಬಗಳು ಹೀಗೆಯೇ ಮುಗಿದವು. ಇನ್ನೊಂದು ಮೂಗು ಹೋಗಲಿಲ್ಲ. ಅಷ್ಟರಲ್ಲಿ ಮಲೆನಾಡಲ್ಲಿ ಮಳೆ ಹಿಡಿದು ಹೊಳೆ ತುಂಬಿತು. ನಮ್ಮ ಕಡೆ ಒಂದು ಹನಿ ಇಲ್ಲ, ಆದರೆ ಕೆಂಪು ನೀರು ದಂಡೆಯ ಮೆಟ್ಟಿಲುಗಳಲ್ಲಿ ಅರ್ಧ ನುಂಗಿತ್ತು. ಹಗಲೂ ರಾತ್ರಿ ಒಂದೇ ಸಮನೆ ಮೊರೆತ. ಚೌಕಟ್ಟಿನ ಕೆಲಸ ಶುರುಮಾಡಿದ ದಿನ ಸುಣ್ಣದವ್ವ ಗುಡಿಯ ಮೆಟ್ಟಿಲ ಮೇಲೆ ಕೂತು, ಸೆರಗು ಸರಿಸಿ ಕಿವಿಗೆ ಅಂಗೈ ಒಡ್ಡಿ, ಸ್ವಲ್ಪ ಹೊತ್ತಿಗೆ ಎದ್ದು ನಿಂತಳು.

“ನಿಲ್ಲಸ್ರಿ. ನನಗೇನೂ ಕೇಳವಲ್ದು. ಹೊಳಿ ಬಿಟ್ರ ಬ್ಯಾರೆ ಏನೂ ಇಲ್ಲ.”

ಕೆಲಸ ನಿಂತಿತು. ತಿಂಗಳ ಕೊನೆಗೆ ಮುಗಿಸಿ ಬರಬೇಕೆಂದು ನನಗೆ ಕಾಗದ ಬಂದಿತ್ತು. ಹೊಳೆ ಇಳಿಯುವುದಕ್ಕೆ ಎಷ್ಟು ದಿನವೋ ಯಾರಿಗೆ ಗೊತ್ತು. ಆ ಸಂಜೆ ಅವಳು ಎಂದೂ ಕೇಳದವಳು ನನ್ನನ್ನು ಕೇಳಿದಳು.

“ಅಪ್ಪಾ, ನನಗ ದೇವ್ರ ಹಂತ್ಯಾಕ ಹೋಗೂದು ಬ್ಯಾಡ. ಆ ಬಾಗಿಲ ಚೌಕಟ್ಟು ಬೇಕು. ಹೊರಗಿಂದೆಲ್ಲ ನಾನಽ ತಗದೀನಿ. ಆ ಬಾಗಲಾ ಬ್ಯಾರೆಯವ್ರ ಕೈಯಾಗ ಕೆಟ್ರ ನನಗ ಉಂಡಿದ್ದು ಸೇರಂಗಿಲ್ಲ. ನೀ ಒಂದ್ ಮಾತು ಕೇಳು.”

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೌಡರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂರದೆ ನಿಂತೇ ಹೇಳಿದೆ. ಗಣನ ಮೂಗು ಮೊದಲೇ ಹೋಗಿರಲಿಲ್ಲ, ಹುಡುಗರು ಮುರಿದರು, ನಾನು ಸುಳ್ಳು ಬರೆದೆ. ಅದನ್ನು ತಿದ್ದಿ ಬರೆಯುತ್ತೇನೆ. ಚೌಕಟ್ಟು ಮುರಿದರೆ ಅದನ್ನೂ, ಯಾಕೆ ಮುರಿಯಿತು ಎಂಬುದನ್ನೂ ಬರೆಯುತ್ತೇನೆ. ಸುಣ್ಣದವ್ವ ಒಳಗೆ ಬಂದರೆ ಮಾತ್ರ ಆ ಬಾಗಿಲು ಉಳಿಯುತ್ತದೆ.

ಗೌಡರು ಕೆಟ್ಟವರಲ್ಲ. ಪದ್ಧತಿ ತಪ್ಪಿದರೆ ಊರು ತಮ್ಮನ್ನೇ ಕೇಳುತ್ತದೆ ಎಂಬ ಅಳುಕು ಅವರದು. ಮೀಸೆ ತಿರುವುತ್ತಾ, “ಗುಡಿ ಒಳಗಿಂದು ನನ್ನ ಕೈಯಾಗಿಲ್ರಿ. ಪೂಜಾರಿ ಅಯ್ನಾರನ್ನ ಕೇಳ್ರಿ” ಎಂದರು.

ಪೂಜಾರಿ ಅಯ್ಯನವರು ಎಪ್ಪತ್ತರ ಮುದುಕರು, ಮಾತು ಕಡಿಮೆ. ಬಿಲ್ವಪತ್ರೆ ಆರಿಸುತ್ತಾ ಎಲ್ಲ ಕೇಳಿಸಿಕೊಂಡು, “ನಂದೇನೈತಪ. ಗೌಡ್ರು ಹೇಳ್ಬೇಕು” ಎಂದರು.

ಗುಡಿಗೆ ವಾಪಸು ಬಂದು ಸುಣ್ಣದವ್ವನಿಗೆ ಎರಡೂ ಮಾತು ಹೇಳಿದೆ. ಗೌಡರು ಅಯ್ಯನವರ ಕಡೆ, ಅಯ್ಯನವರು ಗೌಡರ ಕಡೆ. ಇದು ಆಗದ ಹೋಗದ ಮಾತು ಎಂದೆ.

ಅವಳು ಎಲೆಯ ರಸ ಉಗುಳಿ ಬಂದು ಕೇಳಿದಳು. “ಗೌಡ್ರು ಬ್ಯಾಡ ಅಂದ್ರೇನು?”

“ಅನ್ನಲಿಲ್ಲ.”

“ಅಯ್ನಾರು ಬ್ಯಾಡ ಅಂದ್ರೇನು?”

“ಅವರೂ ಅನ್ನಲಿಲ್ಲ.”

“ಮತ್ತ? ಇಬ್ರೂ ಬ್ಯಾಡ ಅಂದಿಲ್ಲಲ್ಲ.”

ಕೊಡದ ನೀರಲ್ಲಿ ಕಾಲು ತೊಳೆದುಕೊಂಡಳು. ಬಿದಿರಿನ ಸೀಳನ್ನು ಸೊಂಟಕ್ಕೆ ಸಿಕ್ಕಿಸಿದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು, ದಾಟಿದಳು. ಒಳಗೆ ಕತ್ತಲಿಗೆ ಕಣ್ಣು ಹೊಂದುವತನಕ ಕಂಬ ಹಿಡಿದು ನಿಂತು, ಅದೇ ಕಂಬದ ಬುಡಕ್ಕೆ ಬಗ್ಗಿ ಮೂಗಿಲ್ಲದ ಗಣನನ್ನು ಬೆರಳಲ್ಲಿ ಸವರಿ, ನೇರ ಚೌಕಟ್ಟಿನ ಹತ್ತಿರ ಹೋಗಿ ಕೂತಳು. ಆಕಾಶ ಬೀಳಲಿಲ್ಲ. ಹೊರಗೆ ಹೊಳೆ ಮೊರೆಯುತ್ತಲೇ ಇತ್ತು.

ಹನ್ನೊಂದು ದಿನ ಕೆಲಸ ಮಾಡಿದಳು. ಅಯ್ಯನವರು ದಿನಾ ಪೂಜೆಗೆ ಬರುವಾಗ, “ಒಂದೀಟು ಸರಿಯವ್ವ” ಎನ್ನುತ್ತಿದ್ದರು. ಅವಳು ಸರಿಯುತ್ತಿದ್ದಳು. ಅಷ್ಟೇ ಮಾತು. ಮೊದಲೆರಡು ದಿನ ಬಾಗಿಲಲ್ಲಿ ಗುಸುಗುಸು ಇತ್ತು. ಮೂರನೆಯ ದಿನ ಬಳ್ಳಿಯ ಸುರುಳಿಯಿಂದ ಡೋಲು ಬಾರಿಸುವ ಹೆಬ್ಬೆರಳುದ್ದದ ಗೊಂಬೆ ಹೊರಬಂದಿತು, ಗುಸುಗುಸು ಹೋಗಿ ಅದನ್ನು ನೋಡುವ ನೂಕುನುಗ್ಗಲಾಯಿತು. ಹುಡುಗರಿಬ್ಬರು ಅವಳ ಪಕ್ಕದಲ್ಲಿ ಕೂತು ತಟ್ಟು ಹಿಂಡಿಕೊಡುತ್ತಿದ್ದರು. ಅವಳು ಗರ್ಭಗುಡಿಯ ಒಳಗೆ ಕಣ್ಣೆತ್ತಿ ನೋಡಿದ್ದನ್ನು ಆ ಹನ್ನೊಂದು ದಿನದಲ್ಲಿ ನಾನು ಕಾಣಲಿಲ್ಲ. ನೋಡುವುದು ಕೆಲಸದ ಭಾಗವಲ್ಲ ಎಂದು ಅವಳೇ ತೀರ್ಮಾನಿಸಿದ್ದಳೋ ಏನೋ.

ಚೌಕಟ್ಟು ಮುಗಿದ ಮರುದಿನ ಶ್ರಾವಣ ಸೋಮವಾರ. ಸುಣ್ಣವಿಲ್ಲದ ಗುಡಿಯಲ್ಲಿ ಮೊದಲ ದೊಡ್ಡ ಪೂಜೆ. ಊರೆಲ್ಲ ಬಂದಿತ್ತು. ಕಪ್ಪಗೆ ಮಿರುಗುವ ಬಾಗಿಲನ್ನು ಜನ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗೌಡರು ಹೊಸ ರುಮಾಲು ಸುತ್ತಿ, ಎಲ್ಲ ತಾವೇ ಕೆತ್ತಿದವರಂತೆ ಮುಂದೆ ನಿಂತಿದ್ದರು. ನಾನು ಸುಣ್ಣದವ್ವನನ್ನು ಹುಡುಕಿದೆ. ಒಳಗೆ ಕಾಣಲಿಲ್ಲ.

ಅವಳು ಹೊಸ್ತಿಲ ಹೊರಗಿದ್ದಳು. ತಲೆಗೆ ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು, ಕೇರಿಯ ನಾಲ್ಕೈದು ಹೆಂಗಸರ ಜೊತೆ ನಿಂತಿದ್ದಳು. ಹನ್ನೊಂದು ದಿನ ಕೆಲಸಕ್ಕೆ ಒಳಗೆ ಬಂದವಳು ಕೈಮುಗಿಯಲು ಹೊರಗೆ ನಿಂತಿದ್ದಳು. ಯಾರೂ ಅವಳನ್ನು ಅಲ್ಲಿ ನಿಲ್ಲಿಸಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ.

ಮಂಗಳಾರತಿಯಾಯಿತು. ಒಳಗಿದ್ದವರೆಲ್ಲ ಆರತಿ ತೆಗೆದುಕೊಂಡರು. ಆಮೇಲೆ ತಟ್ಟೆಯನ್ನು ಹೊಸ್ತಿಲಿಗೆ ತಂದಿಟ್ಟು ಒಳಗೆ ಹೋಗುವುದು ಅಯ್ಯನವರ ವಾಡಿಕೆ. ಹೊರಗಿನವರು ಅಲ್ಲಿಂದ ತೆಗೆದುಕೊಳ್ಳುತ್ತಿದ್ದರು. ಅಂದು ಅವರು ಬರಲಿಲ್ಲ. ನಂದಿಯ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತೇ ಇದ್ದರು. ಜನ ತಿರುಗಿ ನೋಡಿದರು.

“ಕರ್ಪೂರ ಆರಾಕತ್ತೈತಿ, ಬಾರವ್ವ” ಎಂದರು ಬಾಗಿಲ ಕಡೆ ನೋಡಿ. “ನಾ ಅಲ್ಲೀತನಕ ಬರಂಗಿಲ್ಲ. ಮಣಕಾಲು ಹಿಡ್ಕೊಂಡಾವ. ನೀವಽ ಬರ್ರಿ, ಎಲ್ರೂ.”

ಆ ಮುಂಜಾನೆ ಅಯ್ಯನವರು ಹೊಳೆಯಿಂದ ಎರಡು ಕೊಡ ನೀರು ಹೊತ್ತು ದಂಡೆಯ ಮೆಟ್ಟಿಲು ಹತ್ತಿದ್ದನ್ನು ಅಲ್ಲಿದ್ದವರೆಲ್ಲ ಕಂಡಿದ್ದರು. ಗೌಡರು ಚೌಕಟ್ಟಿನ ಬಳ್ಳಿಯನ್ನು ಗಮನವಿಟ್ಟು ನೋಡುತ್ತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಸುಣ್ಣದವ್ವ ಪಕ್ಕದಲ್ಲಿದ್ದ ಮುದುಕಿಯ ಕೈ ಹಿಡಿದುಕೊಂಡು ಒಳಗೆ ಬಂದಳು.